ನಲವತ್ತೊಂದು

೨೦೨೪ ಜುಲೈ ೧೫, ಸೋಮವಾರ

ಅತ್ತೆ ಬಲಮಗ್ಗುಲಿಗೇ ಮಲಗುತ್ತಾರೆ. ಹದಿನೈದು ದಿನದಿಂದ ಗಮನಿಸುತ್ತಿದ್ದೇನೆ. ಎಡಕ್ಕೆ ಹೊರಳಿದರೆ ಕೆಮ್ಮು ಒತ್ತರಿಸಿ ಬಂದು ಎದ್ದು ಕೂರುತ್ತಾರೆ. ಇವತ್ತು ಬೆಳಗ್ಗೆ ಭತ್ತದ ಸಸಿ ಬೆಳೆಸುವ ಒಟ್ಲುಪಾತಿಗೆ ನೀರು ಕಟ್ಟಲು ಹೋದವರು ಬದುವಿನ ಮೇಲೆ ಮೂರು ಕಡೆ ಕೂತು ಸುಧಾರಿಸಿಕೊಂಡು ಬಂದರಂತೆ. ಪಕ್ಕದ ಗದ್ದೆಯ ಅಂಕಮ್ಮ ಹೇಳಿದಳು.

ನಾನು ಡಾಕ್ಟರಲ್ಲ, ಹದಿನೆಂಟು ವರ್ಷ ಲ್ಯಾಬಿನಲ್ಲಿ ದುಡಿದವಳು ಅಷ್ಟೆ. ಆದರೂ ಒಂದೇ ಮಗ್ಗುಲಿಗೆ ಮಲಗುವವರ ಎದೆಯಲ್ಲಿ ನೀರು ನಿಂತಿರಬಹುದು ಎಂಬಷ್ಟು ಗೊತ್ತು.

ಬಾಯಿಬಿಟ್ಟು ಕೇಳೋಣವೆಂದರೆ ನಮ್ಮಿಬ್ಬರ ನಡುವೆ ಅಂಥ ಮಾತಿಲ್ಲ. ನಾನು ಕೊಪ್ಪಕ್ಕೆ ಸೊಸೆಯಾಗಿ ಬಂದ ವಾರದಲ್ಲೇ, "ಊರೋರ ಉಚ್ಚೆ ಕಫ ಮುಟ್ಟಿ ಬರೋ ಕೈ. ಆ ಕೈಲಿ ಬೇಯಿಸಿದ್ದ ನಾ ಉಣ್ಣಕಿಲ್ಲ" ಎಂದು ಹಿತ್ತಲಿನ ಸೂರಿನಡಿ ಬೇರೆ ಒಲೆ ಹೂಡಿದರು. ಹದಿನಾರು ವರ್ಷವಾಯಿತು. ಒಳಗೆ ನನ್ನ ಗ್ಯಾಸು, ಹೊರಗೆ ಅವರ ಸೌದೆ. ಅವರ ಮಗ, ನನ್ನ ಗಂಡ, ನನ್ನ ಕಡೆ ಉಣ್ಣುತ್ತಾರೆ. ಮೊಮ್ಮಗಳು ತೇಜು ಎರಡೂ ಕಡೆ.

ಇವರಿಗೆ ಹೇಳಿದೆ. ಮದ್ದೂರು ಡಿಪೋದಲ್ಲಿ ಕಂಡಕ್ಟರು. ದಿನವಿಡೀ ಊರವರನ್ನೆಲ್ಲ "ಒಳಕ್ಕೆ ನಡೀರಿ, ಒಳಕ್ಕೆ ನಡೀರಿ" ಎಂದು ಗದರುವ ಮನುಷ್ಯ, ತನ್ನ ಅವ್ವನಿಗೆ ಆಸ್ಪತ್ರೆಗೆ ನಡಿ ಎನ್ನಲಾರರು.

ಜುಲೈ ೧೭, ಬುಧವಾರ

ನಿನ್ನೆ ಸಂಜೆ ಹಾಲು ಕರೆಯಲು ಕೂತವರು ಏಳಲಾಗದೆ ಕೊಟ್ಟಿಗೆಯ ಕಂಬ ಹಿಡಿದುಕೊಂಡರು. ತುಟಿ ನೀಲಿಯಾಗಿತ್ತು. ಹಾಗಾಗಿ ಇವತ್ತು ಮಾತಿಲ್ಲದೆ ಮಂಡ್ಯಕ್ಕೆ ಬಂದರು, ನಾನು ಕೆಲಸ ಮಾಡುವ ಆಸ್ಪತ್ರೆಗೇ.

ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಗಿನ ಅರ್ಧ ಬಿಳುಚಿಕೊಂಡಿತ್ತು. ಎದೆ ರೋಗದ ಡಾಕ್ಟರು ಹೇಮಂತ್ ಬೆನ್ನಿಗೆ ಸೂಜಿ ಹಾಕಿ ಒಂದೂಕಾಲು ಲೀಟರು ನೀರು ತೆಗೆದರು. ಅತ್ತೆ ಮೇಜಿನ ಮೇಲೆ ದಿಂಬಿಟ್ಟುಕೊಂಡು ಬಾಗಿ ಕೂತಿದ್ದರು. ಒಂದು ಸಲವೂ ನರಳಲಿಲ್ಲ. ಕೊನೆಗೆ ಬಾಟಲಿ ನೋಡಿ, "ಇದೆಲ್ಲ ನನ್ನೊಳಗಿತ್ತಾ? ಯಾವ ನಾಲೆಯಿಂದ ಬಂತು ಇದು?" ಎಂದರು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ನೀರು ಒಣಹುಲ್ಲಿನ ಬಣ್ಣಕ್ಕಿತ್ತು. ಹಲವು ಕಾಯಿಲೆಯ ನೀರಿಗೂ ಅದೇ ಬಣ್ಣ.

ನಮ್ಮ ಲ್ಯಾಬಿನ ಮುಖ್ಯಸ್ಥರು, ಪೆಥಾಲಜಿಸ್ಟ್ ಶಶಿಧರ್ ಸರ್, ಚೀಟಿಯ ಮೇಲಿನ ಹೆಸರು ನೋಡಿ, "ಮನೆಯವರದು ನೀವು ಮಾಡಬೇಡಿ ಕುಸುಮ. ನಯನಗೆ ಕೊಡಿ" ಎಂದರು. ಹೂಂ ಎಂದೆ.

ಕೊಡಲಿಲ್ಲ. ನಯನ ಹೋದ ವರ್ಷ ಸೇರಿದ ಹುಡುಗಿ. ಅವಳ ಕೈ ಇನ್ನೂ ನಡುಗುತ್ತದೆ.

ಜುಲೈ ೧೮, ಗುರುವಾರ

ಎದೆನೀರಿನಲ್ಲಿ ಪ್ರೋಟೀನು ನಾಲ್ಕು ಪಾಯಿಂಟ್ ಒಂಬತ್ತು. ರಕ್ತದಲ್ಲಿ ಏಳು ಪಾಯಿಂಟ್ ಒಂದು.

ಇವರು ಮಳವಳ್ಳಿ ಟ್ರಿಪ್ಪಿನ ನಡುವೆ ಮೂರು ಸಲ ಫೋನು ಮಾಡಿದರು. "ಅಂಗಂದ್ರೆ ಏನು, ನಂಗರ್ಥ ಆಗಂಗೆ ಯೋಳು." ಹೇಳಿದೆ: ಗುಂಡಿಗೆಯೋ ಕಿಡ್ನಿಯೋ ಸೋತಾಗ ಎದೆಯಲ್ಲಿ ನಿಲ್ಲುವ ನೀರು ತೆಳ್ಳಗಿರುತ್ತದೆ. ಶ್ವಾಸಕೋಶದ ಹೊದಿಕೆಗೇ ರೋಗ ಬಂದರೆ ಮಾತ್ರ ಪ್ರೋಟೀನು ಹೀಗೆ ಏರುತ್ತದೆ. ಅವ್ವನದು ಎರಡನೆಯದು.

"ರೋಗ ಅಂದ್ರೆ ಯಾವ ರೋಗ?"

"ಎರಡರಲ್ಲಿ ಒಂದಿರಬಹುದು. ಟಿಬಿ. ಇಲ್ಲ ಅಂದ್ರೆ ಕ್ಯಾನ್ಸರು."

ಆ ಕಡೆ ಯಾರೋ ಚಿಲ್ಲರೆ ಕೇಳುವ ಸದ್ದು. ಫೋನು ಇಟ್ಟುಬಿಟ್ಟರು.

ಹೇಮಂತ್ ಡಾಕ್ಟರು ಅತ್ತೆಯ ಎದುರೇ ಹೇಳಿದರು. ಎಡಿಎ ಎನ್ನುವ ಪರೀಕ್ಷೆಯೊಂದಿದೆ. ಅದು ನಲವತ್ತು ದಾಟಿದರೆ ನಮ್ಮ ಕಡೆ ಬಹುಪಾಲು ಟಿಬಿಯೇ, ಆರು ತಿಂಗಳ ಮಾತ್ರೆಯಲ್ಲಿ ಗುಣವಾಗುತ್ತದೆ. ಕೆಳಗೆ ಬಂದರೆ, ಈ ವಯಸ್ಸಿಗೆ, ಮೈಸೂರಿಗೆ ಕಳಿಸಬೇಕು. ಎದೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಚೂರು ತೆಗೆದು ನೋಡಬೇಕು.

"ಎದೆ ತೂತು ಮಾಡುಸ್ಕಳಕಿಲ್ಲ ನಾನು" ಎಂದರು ಅತ್ತೆ. "ಅದ್ಕಿಂತ ಗದ್ದೆ ಬದಿನಾಗೆ ಬಿದ್ದು ಸಾಯ್ತೀನಿ. ಮೊದ್ಲು ನಾಟಿ ಆಗ್ಲಿ."

ಜೀವಕೋಶ ಎಣಿಸುವಾಗ ಸ್ಲೈಡಿನ ಅಂಚಿನಲ್ಲಿ ಒಂದು ಗುಂಪು ಕಂಡಿತು. ದುಂಡಗೆ, ಒತ್ತೊತ್ತಾಗಿ. ಕ್ಯಾನ್ಸರಿನ ಕೋಶಗಳಷ್ಟೇ ಅಲ್ಲ, ಎದೆಯ ಒಳಪೊರೆಯ ಸಾಧಾರಣ ಕೋಶಗಳೂ ಹೀಗೆ ಅಂಟಿಕೊಳ್ಳುತ್ತವೆ. ಅದೇ ಇರಬೇಕು. ಇನ್ನೊಮ್ಮೆ ನೋಡಲು ಹೋಗಲಿಲ್ಲ.

ಜುಲೈ ೧೯, ಶುಕ್ರವಾರ

ಎಡಿಎ ಮೂವತ್ತಾರು.

ಇನ್ನೊಮ್ಮೆ ಹಾಕಿದೆ. ಮೂವತ್ತೆಂಟು.

ಊಟಕ್ಕೆ ಹೋದೆ. ಡಬ್ಬಿ ಬಿಚ್ಚಿ ಹಾಗೇ ಮುಚ್ಚಿದೆ. ಬಂದು ಮತ್ತೊಮ್ಮೆ ಹಾಕಿದೆ. ನಲವತ್ತೊಂದು.

ನಲವತ್ತೊಂದು ಬರೆದೆ.

ಯಂತ್ರವೇ ಕೊಟ್ಟ ಅಂಕಿ. ನಾನು ಕಟ್ಟಿದ್ದಲ್ಲ.

ಜುಲೈ ೨೦, ಶನಿವಾರ

ಟಿಬಿ ಮಾತ್ರೆ ಶುರುವಾಯಿತು. ಮೈಸೂರಿಲ್ಲ, ತೂತಿಲ್ಲ.

ಶಶಿಧರ್ ಸರ್ ತಮ್ಮ ವರದಿಯಲ್ಲಿ "ಕೆಲವು ಕೋಶಗಳ ಬಗ್ಗೆ ಅನುಮಾನವಿದೆ, ನೀರು ಇನ್ನೊಮ್ಮೆ ಕಳುಹಿಸಿ" ಎಂದು ಬರೆದಿದ್ದರು. ಹೇಮಂತ್ ಡಾಕ್ಟರು ಅದನ್ನೂ ನನ್ನ ಅಂಕಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಪೆನ್ನು ತಟ್ಟುತ್ತ ಕೂತರು. ಆಮೇಲೆ, "ಎಡಿಎ ನಲವತ್ತು ದಾಟಿದೆಯಲ್ಲ. ಮಾತ್ರೆ ಕೊಟ್ಟು ಮೂರು ವಾರ ನೋಡೋಣ" ಎಂದರು. 

ಸಂಜೆ ಮಳವಳ್ಳಿಯಿಂದ ನಾದಿನಿ ನಾಗರತ್ನ ಬಂದಳು. ಟಿಬಿ ಎಂದು ಕೇಳಿದ್ದೇ ನಡುಮನೆಯಲ್ಲಿ ಕುಸಿದು ಕೂತಳು. "ನನ್ ಮಗ್ಳು ಕವಿತಂಗೆ ಗಂಡು ನೋಡ್ತಾ ಇದ್ದೀವಿ. ಬೀಗ್ರ ಕಿವಿಗೆ ಬಿದ್ರೆ ಮುಗೀತು. ಯಾರ್ಗೂ ಯೋಳ್ಬೇಡಿ. ಕ್ಷಯದ ಮನೆ ಅಂತಾರೆ." ತಲೆ ಚಚ್ಚಿಕೊಂಡು ಅತ್ತಳು. ನಾನು ಒಳಗೆ ಹೋಗಿ ಅವಳಿಗೆ ಕಾಫಿಗೆ ಹಾಲಿಟ್ಟೆ. ಹಾಲು ಕಾಯುವವರೆಗೂ ಗೋಡೆಗೊರಗಿ ಒಬ್ಬಳೇ ನಗುತ್ತಿದ್ದೆ. ಅವಳು ಯಾವುದಕ್ಕೆ ಅಳುತ್ತಿದ್ದಳೋ ಅದನ್ನೇ ನಾನು ಎರಡು ದಿನದಿಂದ ಬೇಡಿಕೊಳ್ಳುತ್ತಿದ್ದೆ.

ಜುಲೈ ೨೯, ಸೋಮವಾರ

ಬೆಳಗ್ಗೆ ಬರಿಹೊಟ್ಟೆಗೆ ಮೂರು ಮಾತ್ರೆ. ಅರ್ಧ ಗಂಟೆಗೆ ವಾಂತಿ. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದದ್ದು ನೋಡಿ ಹೆದರಿದ್ದರು. ಮಾತ್ರೆಯ ಬಣ್ಣ, ಭಯವಿಲ್ಲ ಎಂದೆ. "ನಿಂಗೆ ಉಚ್ಚೆ ನೋಡೇ ಎಲ್ಲ ಗೊತ್ತಾಯ್ತದೆ" ಎಂದರು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ.

ಹಿತ್ತಲ ಒಲೆ ಊದುವಷ್ಟು ಉಸಿರಿಲ್ಲ ಅವರಿಗೆ. ವಾರದಿಂದ ನಾನೇ ತೆಳ್ಳಗೆ ರಾಗಿ ಗಂಜಿ, ಸೊಪ್ಪಿನ ಸಾರು ಮಾಡಿ ಇಡುತ್ತಿದ್ದೇನೆ. ಉಪ್ಪು ಸಾಲದು ಎನ್ನುತ್ತಾರೆ. ನಾಳೆ ಜಾಸ್ತಿ ಹಾಕಬೇಕು.

ನಾಟಿಗೆ ರಜೆ ಹಾಕಿದ್ದೆ. ಅವರಿಗೆ ಬದುವಿನ ಮೇಲೆ ಕುರ್ಚಿ ಹಾಕಿಕೊಟ್ಟೆ. ಅಲ್ಲಿಂದಲೇ, "ಕುಸ್ಮ, ಪೈರು ಆಳಕ್ಕೆ ಊರ್ಬೇಡಿ ಅಂತ ಯೋಳು ಅವುಕ್ಕೆ. ಬೆರಳುದ್ದ ಸಾಕು. ನೀನೂ ಇಳಿ, ಏನು ಕಾಲಿಗೆ ಕೆಸರಾದ್ರೆ ಸವೆದೋಯ್ತೀಯಾ?" ಎಂದು ಕೂಗುತ್ತಿದ್ದರು. ಇಳಿದೆ. ನಮ್ಮಪ್ಪನ ಊರು ಪೂರಿಗಾಲಿಯಲ್ಲಿ ಚಿಕ್ಕಂದಿನಲ್ಲಿ ನಾಟಿ ಹಾಕಿದ್ದೇ ಕೊನೆ. ನಾಲ್ಕು ಸಾಲು ಸೊಟ್ಟಗಾಯಿತು. ಅಂಕಮ್ಮ ನಕ್ಕಳು. "ನಗ್ಬೇಡ ಕಣೇ, ನಮ್ ಹುಡುಗಿ ಆಸ್ಪತ್ರೇಲಿ ಒಂದು ಹನಿ ನೀರಲ್ಲಿ ರೋಗ ಹಿಡಿತಾಳೆ. ನಿಂಗಾಯ್ತದಾ?" ಎಂದರು ಅವ್ವ.

ಆಮೇಲೆ ನನಗೆ ಪೈರು ಹಿಡಿಯಲಾಗಲಿಲ್ಲ. ಸೊಂಟ ನೋವೆಂದು ಮೇಲೆ ಬಂದೆ.

ಆಗಸ್ಟ್ ೨, ಶುಕ್ರವಾರ

ಇವತ್ತು ಬಸ್ಸಿನಲ್ಲಿ ಮಂಡ್ಯದ ಸ್ಟಾಪು ದಾಟಿದ್ದೇ ತಿಳಿಯಲಿಲ್ಲ. ಇಂಡುವಾಳಿನಲ್ಲಿ ಇಳಿದು ಹಿಂದಕ್ಕೆ ಬಂದೆ.

ಒಂದು ರಕ್ತದ ಮಾದರಿಯ ಸಕ್ಕರೆ ಅಂಶವನ್ನು ಯಂತ್ರದಲ್ಲಿ ನಾಲ್ಕು ಸಲ ಓಡಿಸಿದೆ. ನಾಲ್ಕು ಸಲವೂ ಒಂದೇ ಬಂತು. ಆದರೂ ಐದನೆಯ ಸಲ ಓಡಿಸಬೇಕೆನ್ನಿಸಿತು. "ಅಕ್ಕ, ಯಾಕೆ?" ಎಂದು ಕೇಳಿದಳು ನಯನ. ನಿನ್ನ ಕೆಲಸ ನೋಡಿಕೋ ಎಂದೆ. ಪಾಪ.

ಆಗಸ್ಟ್ ೯, ಶುಕ್ರವಾರ

ಅವ್ವ ಮತ್ತೆ ಬಲಕ್ಕೆ ಮಲಗುತ್ತಿದ್ದಾರೆ. ಗೋಡೆಗೊರಗಿ ಕೂತರೂ ಮಾತಿನ ನಡುವೆ ಉಸಿರು ಕಟ್ಟುತ್ತದೆ. ಎಕ್ಸ್‌ರೇ ತೆಗೆಸಿದೆ. ನೀರು ಮೊದಲಿಗಿಂತ ಎರಡು ಬೆರಳು ಮೇಲೇರಿದೆ.

ಹೇಮಂತ್ ಡಾಕ್ಟರು, "ಟಿಬಿಯಲ್ಲೂ ಒಂದೊಂದು ಸಲ ಮೊದಲು ಹೆಚ್ಚಾಗಿ ಆಮೇಲೆ ಇಳಿಯುತ್ತೆ. ಇನ್ನೆರಡು ವಾರ ನೋಡೋಣ" ಎಂದರು. ಹೇಳುವಾಗ ಫೈಲಿನಲ್ಲಿ ನನ್ನ ಅಂಕಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಆ ಬೆರಳನ್ನೇ ನೋಡುತ್ತ ನಿಂತೆ. ಈಗ ಹೇಳು, ಈಗ ಹೇಳು ಎಂದುಕೊಂಡೆ. ಹೇಳಿದ್ದು ಒಂದೇ: "ಸರಿ ಸರ್."

ಹೊರಗೆ ಅವ್ವ ಬೆಂಚಿನ ಮೇಲೆ ಕೂತಿದ್ದರು. "ಏನಂದ್ರು?"

"ಇನ್ನೆರಡು ವಾರ ನೋಡೋಣ ಅಂದ್ರು."

"ನೀನೇನಂತೀಯಾ?"

ಹದಿನಾರು ವರ್ಷದಲ್ಲಿ ನನ್ನನ್ನು ಹೀಗೆ ಕೇಳಿದ್ದಿಲ್ಲ. ಆಟೋ ಕರೆಯುತ್ತೇನೆಂದು ಹೊರಟುಬಿಟ್ಟೆ.

ಆಗಸ್ಟ್ ೧೨, ಸೋಮವಾರ

ಹೇಳಿದೆ.

ಬೆಳಗ್ಗೆ ಹತ್ತಕ್ಕೆ ಶಶಿಧರ್ ಸರ್ ಕೋಣೆಗೆ ಹೋದೆ. ಅವರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ, "ಕೂತ್ಕೊಳ್ಳಿ" ಎಂದರು. ನಿಂತೇ ಹೇಳಿದೆ. ಮಾದರಿ ನಯನಗೆ ಕೊಡಲಿಲ್ಲ. ಮೂರು ಸಲ ಓಡಿಸಿದೆ. ಮೂವತ್ತಾರು, ಮೂವತ್ತೆಂಟು, ನಲವತ್ತೊಂದು. ಮೂರನೆಯದನ್ನು ಬರೆದೆ.

ಆಗ ಕಣ್ಣೆತ್ತಿದರು. "ಯಾಕೆ?"

"ಟಿಬಿ ಆಗಲಿ ಅಂತ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ಯಂತ್ರದ ಬಳಿಗೆ ಹೋಗಿ ಜುಲೈ ಹತ್ತೊಂಬತ್ತರ ದಾಖಲೆ ತೆಗೆದರು. ಮೂರು ಅಂಕಿಗಳೂ ಒಂದರ ಕೆಳಗೊಂದು ಇದ್ದವು. "ಇಷ್ಟು ದಿನ ಇಲ್ಲೇ ಇತ್ತು. ನಾನು ಸಹಿ ಹಾಕುವಾಗ ತೆಗೆದು ನೋಡಲಿಲ್ಲ. ಅದು ನನ್ನ ತಪ್ಪು" ಎಂದರು. ಮೂವತ್ತೆಂಟರ ಮೇಲೆ ಬೆರಳಿಟ್ಟು, "ಆದರೆ ಕುಸುಮ, ಅನುಮಾನ ಇದೆ ಅಂತ ನಾನು ಬರೆದಿದ್ದೆ. ಮೂವತ್ತೆಂಟು ಅಂತ ಇದ್ದಿದ್ದರೆ ಹೇಮಂತ್ ಒಂದು ದಿನವೂ ಕಾಯುತ್ತಿರಲಿಲ್ಲ."

"ಗೊತ್ತು ಸರ್."

"ಗೊತ್ತಿದ್ದೇ ಮಾಡಿದಿರಿ."

"ಹೌದು ಸರ್."

ಅವರೇ ಹೇಮಂತ್ ಡಾಕ್ಟರಿಗೆ ಫೋನು ಮಾಡಿದರು. ಮಧ್ಯಾಹ್ನವೇ ಅವ್ವನನ್ನು ಕರೆಸಿ ನೀರು ತೆಗೆದರು, ಈ ಸಲ ಒಂದೂವರೆ ಲೀಟರು. ನನ್ನನ್ನು ಹತ್ತಿರ ಬಿಡಲಿಲ್ಲ. ಬಾಟಲಿ ಹಿಡಿದು ಹೋಗುತ್ತಿದ್ದ ನಯನಳ ಕೈ ನಡುಗುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ಬಣ್ಣ ಕಂಡಿತು. ಕೆಂಪಗಿತ್ತು.

ಆಗಸ್ಟ್ ೧೩, ಮಂಗಳವಾರ

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಇವರ ಬಸ್ಸು ಬರುವವರೆಗೂ ಕಾದು ಕೂತು ಇವರಿಗೂ ಹೇಳಿದೆ. ಟಿಕೆಟ್ ಯಂತ್ರವನ್ನು ಎದೆಗೆ ಒತ್ತಿಕೊಂಡು ಕೇಳಿಸಿಕೊಂಡರು. ಡ್ರೈವರು ಎರಡು ಸಲ ಹಾರ್ನ್ ಹೊಡೆದ.

"ಬೇರೆಯೋರಿಗೆ ಇಂಗೆ ಬರೀತಿದ್ದಾ?"

"ಇಲ್ಲ."

"ನಮ್ಮವ್ವಂಗೆ ಮಾತ್ರ ಯಾಕೆ ಬರ್ದೆ?"

 ಮೂರನೆಯ ಹಾರ್ನ್‌ಗೆ ಬಸ್ಸು ಹತ್ತಿದರು. ಮೆಟ್ಟಿಲ ಮೇಲೆ ನಿಂತು, "ಅವ್ವಂಗೆ ನೀನೇ ಯೋಳ್ಬೇಕು. ನನ್ ಕೈಲಾಗಕಿಲ್ಲ" ಎಂದರು. ಬಸ್ಸು ತಿರುಗುವಾಗ ಅವರು ಕಣ್ಣೊರೆಸಿಕೊಳ್ಳುವುದು ಕಂಡಿತು.

ಆಗಸ್ಟ್ ೧೭, ಶನಿವಾರ

ಕ್ಯಾನ್ಸರು. ಶ್ವಾಸಕೋಶದ್ದು. ನೀರಿನ ಗಸಿಯನ್ನು ಗಟ್ಟಿ ಮಾಡಿ ಸಣ್ಣಗೆ ಕತ್ತರಿಸಿ ನೋಡಿದಾಗ ಸ್ಪಷ್ಟವಾಗಿ ಸಿಕ್ಕಿತಂತೆ. ಎದೆ ತೂತು ಮಾಡುವ ಅಗತ್ಯವೇ ಬೀಳಲಿಲ್ಲ. ಜುಲೈಯಲ್ಲೇ ಎರಡನೆಯ ಸಲ ನೀರು ಕಳಿಸಿದ್ದರೆ ಸಾಕಿತ್ತು.

ಟಿಬಿ ಮಾತ್ರೆ ನಿಲ್ಲಿಸಿದರು. ಅದೇ ತುಣುಕನ್ನು ಇನ್ನೊಂದು ಪರೀಕ್ಷೆಗೆ ಹೊರಗೆ ಕಳಿಸಿದ್ದಾರೆ. ಕ್ಯಾನ್ಸರಿನ ಕೋಶದಲ್ಲಿ ಒಂದು ಬಗೆಯ ಬದಲಾವಣೆ ಇದ್ದರೆ ದಿನಕ್ಕೊಂದು ಮಾತ್ರೆಯಲ್ಲಿ ತಡೆಹಿಡಿಯಬಹುದಂತೆ. ಬೀಡಿ ಮುಟ್ಟದ ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದಂತೆ. ಇಲ್ಲದಿದ್ದರೆ ಕಿಮೋ. ಹತ್ತು ಹನ್ನೆರಡು ದಿನ ಕಾಯಬೇಕು.

ನಾಗರತ್ನಳಿಗೆ ಇವರು ಫೋನಿನಲ್ಲಿ ಟಿಬಿ ಅಲ್ಲವಂತೆ, ಎದೆಯೊಳಗೆ ಗಡ್ಡೆಯಂತೆ ಎಂದರು. ಅವಳ ದನಿ ನನಗೂ ಕೇಳಿಸಿತು. "ಅಬ್ಬ! ದೇವ್ರು ದೊಡ್ಡೋನು ಕಣಣ್ಣ. ಸದ್ಯ ಟಿಬಿ ಅಲ್ವಲ್ಲ!"

ಇವರು ನನ್ನ ಮುಖ ನೋಡಿದರು. ಫೋನನ್ನು ನನ್ನ ಕೈಗಿಟ್ಟು ಕೊಟ್ಟಿಗೆಗೆ ಹೋದರು. ಅವಳಿಗೆ ತಿಳಿಸಿ ಹೇಳಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಅವಳು ಅತ್ತಳು. ಈ ಸಲ ಕವಿತಳ ಮದುವೆಯ ಮಾತು ಎತ್ತಲಿಲ್ಲ.

ಆಗಸ್ಟ್ ೧೮, ಭಾನುವಾರ

ಬೆಳಗ್ಗೆ ಅವ್ವ ಜಗುಲಿಯಲ್ಲಿ ಅವರೆಕಾಳು ಆರಿಸುತ್ತ ಕೂತಿದ್ದರು. ಎದುರಿಗೆ ಕೂತೆ. ರೋಗದ ಹೆಸರು ಹೇಳಿದೆ. ಕಾಳು ಆರಿಸುವ ಕೈ ನಿಲ್ಲಲಿಲ್ಲ.

"ನಂಗೆ ಅನುಮಾನ ಇತ್ತು ಬುಡು. ಆ ಡಾಕ್ಟ್ರ ಮೊಕ ನೋಡ್ದಾಗ್ಲೇ."

ಆಮೇಲೆ ಅಂಕಿಯ ವಿಷಯ ಹೇಳಿದೆ. ಅಡ್ಡಡ್ಡ ಸುತ್ತಲಿಲ್ಲ. ಯಂತ್ರ ಎರಡು ಸಲ ಒಂದು ಹೇಳಿತು, ಮೂರನೆಯ ಸಲ ನನಗೆ ಬೇಕಾದ್ದು ಹೇಳಿತು, ನಾನು ಅದನ್ನೇ ಬರೆದೆ. ಅದಕ್ಕೇ ನಾಲ್ಕು ವಾರ ಟಿಬಿ ಮಾತ್ರೆ ನುಂಗಿದಿರಿ.

ಈಗ ಕೈ ನಿಂತಿತು.

"ಅಂಗಾದ್ರೆ ಆ ಮಾತ್ರೆ ಸುಮ್ನೆ ನುಂಗಿದ್ನಾ?"

"ಹೂಂ."

"ದಿನಾ ಕಕ್ಕೊಂಡಿದ್ದೂ ಸುಮ್ನೇಯಾ?"

"ಹೂಂ ಅವ್ವ."

ಮೊರ ಪಕ್ಕಕ್ಕಿಟ್ಟರು. ಗೋಡೆ ಹಿಡಿದು ಎದ್ದು ಹಿತ್ತಲಿಗೆ ಹೋದರು. ಒಂದು ತಿಂಗಳಿಂದ ತಣ್ಣಗಿದ್ದ ಅವರ ಒಲೆಗೆ ಎರಡು ಸೌದೆ ತುರುಕಿ ಕಡ್ಡಿ ಗೀರಿದರು. ಊದಿದರು. ಕೆಮ್ಮಿದರು. ಮತ್ತೆ ಊದಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹತ್ತಿರ ಬರಬೇಡ ಎಂಬಂತೆ ಬೆನ್ನು ತಿರುಗಿಸಿಯೇ ಇದ್ದರು. ಬೆಂಕಿ ಹೊತ್ತಲಿಲ್ಲ. ಹೊಗೆ ಸೂರಿನ ತುಂಬ ತುಂಬಿತು.

ಮಧ್ಯಾಹ್ನ ಅವರು ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ.

ಆಗಸ್ಟ್ ೧೯, ಸೋಮವಾರ

ಬೆಳಗ್ಗೆ ಮತ್ತೆ ಆ ಒಲೆಯ ಮುಂದೆ ಕೂತಿದ್ದರು. ಕೆಲಸಕ್ಕೆ ಹೊರಟವಳು ಚಪ್ಪಲಿ ಬಿಟ್ಟು ಹೋಗಿ ಊದುಗೊಳವೆ ಕಿತ್ತುಕೊಂಡೆ. "ಬಯ್ಯೋದಾದ್ರೆ ಬಯ್ಯಿರಿ. ಈ ಹೊಗೇಲಿ ಮಾತ್ರ ಕೂರ್ಬೇಡಿ" ಎಂದೆ. ದನಿ ಏರಿತು. ಈ ಮನೆಯಲ್ಲಿ ನಾನು ಅವರ ಮುಂದೆ ದನಿ ಏರಿಸಿದ್ದು ಇದೇ ಮೊದಲು.

"ಬಯ್ಯಕೂ ಉಸಿರು ಬೇಕಲ್ಲವ್ವ" ಎಂದರು.

ಆಮೇಲೆ ನನ್ನನ್ನೇ ದಿಟ್ಟಿಸಿ, "ಅಲ್ಲ, ನಾನೇನ್ ನಿನ್ನ ಕಷ್ಟ ಸುಖ ಕೇಳಿದ್ನಾ? ಈ ರೋಗ ಬರೋಗಂಟ ಒಂದು ದಿನ ನೀನಿಕ್ಕಿದ್ದು ಉಂಡಿದ್ನಾ? ನಂಗೋಸ್ಕರ ಯಾಕೆ ಸುಳ್ಳು ಬರ್ಯಕೋದೆ?"

ಮಗ ಕೇಳಿದ್ದನ್ನೇ ಅವ್ವನೂ ಕೇಳಿದರು. "ನೀವು ಸಾಯ್ತೀರಾ ಅಂತ ಹೆದರಿದೆ" ಎಂದೆ.

"ಸಾಯೋದು ನಾನು. ಹೆದರೋದು ನೀನು. ಸರಿ ಓಯ್ತು." ಊದುಗೊಳವೆಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಚಾಚಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಮೂರು ವಾರ ಆರಾಮಾಗಿ ನಿದ್ದೆ ಮಾಡ್ದೆ ಕಣವ್ವ, ಗುಣ ಆಯ್ತೀನಿ ಅಂತ. ಅದೊಂದ್ಕೆ ಮಾತ್ರ ಬೈಯಕಿಲ್ಲ. ಮಿಕ್ಕಿದ್ದಕ್ಕೆಲ್ಲ ಬೈತೀನಿ, ಉಸಿರು ಬರ್ಲಿ" ಎಂದರು.

ಎಂಟೂವರೆಯ ಬಸ್ಸು ತಪ್ಪಿತು.

ಆಗಸ್ಟ್ ೨೨, ಗುರುವಾರ

ಲ್ಯಾಬಿನಲ್ಲಿ ನೋಟೀಸು ಕೊಟ್ಟರು. ಆರು ತಿಂಗಳು ಪರೀಕ್ಷೆಯ ಕೆಲಸವಿಲ್ಲ. ಹೊರಗೆ ರಕ್ತ ತೆಗೆಯುವ ಕೌಂಟರಿನಲ್ಲಿ ಕೂರಬೇಕು. ಶಶಿಧರ್ ಸರ್ ನನ್ನ ಈ ವರ್ಷದ ಎದೆನೀರಿನ ವರದಿಗಳನ್ನೆಲ್ಲ ಯಂತ್ರದ ದಾಖಲೆಯ ಜೊತೆ ಹೋಲಿಸಿ ನೋಡಿದರು. ಮಿಕ್ಕವೆಲ್ಲ ಸರಿಯಿದ್ದವು. ಸರಿಯಿವೆ ಎಂದು ನನಗೆ ಗೊತ್ತಿತ್ತು. ಆದರೂ ಅವರು ಹಾಳೆ ತಿರುವುತ್ತಿದ್ದಷ್ಟು ಹೊತ್ತೂ ಪಕ್ಕದಲ್ಲೇ ನಿಂತು ಒಂದೊಂದು ಅಂಕಿಯನ್ನೂ ಓದುತ್ತಿದ್ದೆ.

ಹೇಮಂತ್ ಡಾಕ್ಟರು ಕಾರಿಡಾರಿನಲ್ಲಿ ಎದುರಾದರು. ಮುಖ ತಿರುಗಿಸಿ ಹೋಗುತ್ತಾರೆಂದುಕೊಂಡೆ. ನಿಂತರು. "ನಿಮ್ಮ ನಂಬರ್ ನೋಡಿ ನಾನು ಎಷ್ಟು ಜನಕ್ಕೆ ಔಷಧಿ ಬರೆದಿದ್ದೀನಿ ಗೊತ್ತಾ ಮೇಡಂ?" ಎಂದರು. ಅಷ್ಟೇ. ಬೈಗುಳಕ್ಕಿಂತ ಜಾಸ್ತಿ ನೋಯಿತು.

ಕೌಂಟರಿನಲ್ಲಿ ಇಡೀ ದಿನ ಜನರ ಮುಖ ನೋಡಬೇಕು. ಒಳಗಿದ್ದಾಗ ಬರೀ ಹೆಸರು ಮತ್ತು ನಂಬರು. ಇವತ್ತು ಬಂಡೂರಿನ ಕುರಿ ಸಾಕುವ ಅಜ್ಜ ಒಬ್ಬರು ಸೂಜಿ ಚುಚ್ಚುವಾಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, "ಏನೂ ಇರಾಕಿಲ್ಲ ಅಲ್ವಾ ತಾಯಿ?" ಎಂದರು. "ನಾಳೆ ಗೊತ್ತಾಗುತ್ತೆ ಅಜ್ಜ, ಬನ್ನಿ" ಎಂದೆ.

ಆಗಸ್ಟ್ ೨೮, ಬುಧವಾರ

ಹನ್ನೊಂದು ದಿನವಾಯಿತು. ಫಲಿತಾಂಶವಿಲ್ಲ. ಫೋನು ಬಂದಾಗಲೆಲ್ಲ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತೇನೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅವ್ವ ಮಾತಾಡದೆ ಉಂಡು, ಎರಡು ಚೊಂಬು ನೀರು ಕುಡಿದರು. ಆಮೇಲೆ ತೇಜುವಿಗೆ, "ನಿಮ್ಮವ್ವಂಗೆ ಯೋಳು, ಉಪ್ಪಿನ ಪರೀಕ್ಷೆನೂ ಒಂದೇ ಸಲ ಮಾಡು ಅಂತ" ಎಂದರು. ತೇಜುವಿಗೆ ಅರ್ಥವಾಗಲಿಲ್ಲ. ನನಗೆ ನಗು ಬಂತು, ಅಳುವೂ ಬಂತು.

ಆಗಸ್ಟ್ ೩೦, ಶುಕ್ರವಾರ

ಇದೆ! ಆ ಬದಲಾವಣೆ ಇದೆ. ಕಿಮೋ ಬೇಡ. ದಿನಕ್ಕೊಂದು ಮಾತ್ರೆ.

ಹೇಮಂತ್ ಡಾಕ್ಟರು ಅವ್ವನನ್ನು ಎದುರಿಗೆ ಕೂರಿಸಿಕೊಂಡು ನಿಧಾನಕ್ಕೆ ಹೇಳಿದರು. ಇದು ರೋಗವನ್ನು ಬೇರುಸಹಿತ ತೆಗೆಯುವುದಿಲ್ಲ. ತಡೆಯುತ್ತದೆ. ಕೆಲವರಿಗೆ ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಯಾರಿಗೆ ಎಷ್ಟು ಎಂದು ಮೊದಲೇ ಹೇಳಲಾಗದು.

"ಮೂರು ವಾರ ತಡ ಆಗಿದ್ದಕ್ಕೆ ಏನಾರ ಎಚ್ಚುಕಮ್ಮಿ ಆಯ್ತಾ ಸಾಮಿ?" ಎಂದು ಅವ್ವ ಕೇಳಿದರು. ನಾನು ಅಲ್ಲೇ ನಿಂತಿದ್ದೆ.

ಡಾಕ್ಟರು ನನ್ನ ಕಡೆ ನೋಡಲಿಲ್ಲ. "ಆಗಿಲ್ಲ ಅಂತ ಹೇಳೋಕೆ ಆಗಲ್ಲಮ್ಮ. ಆಗಿದೆ ಅಂತಲೂ ಹೇಳೋಕಾಗಲ್ಲ."

ಅವ್ವ ತಲೆಯಾಡಿಸಿದರು. ಹೊರಗೆ ಬಂದು, "ಇವ್ನು ಸರಿಯಾದ ಡಾಕ್ಟ್ರು. ಗೊತ್ತಿಲ್ದಿದ್ದ ಗೊತ್ತಿಲ್ಲ ಅಂತಾನೆ" ಎಂದರು.

ಸೆಪ್ಟೆಂಬರ್ ೨೨, ಭಾನುವಾರ

ಬಹಳ ದಿನದಿಂದ ಬರೆದಿರಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ಬೆಳಗ್ಗೆ ಮಾತ್ರೆ ಕೊಡುವುದು, ಎಂಟೂವರೆಯ ಬಸ್ಸು, ಕೌಂಟರು, ವಾಪಸ್ಸು. ಮಾತ್ರೆಯಿಂದ ಅವ್ವನ ಮುಖದ ತುಂಬ ಮೊಡವೆಯಂಥ ಗುಳ್ಳೆಗಳೆದ್ದಿವೆ. "ಮದುವೆ ವಯಸ್ಸಲ್ಲಿ ಬರ್ಲಿಲ್ಲ, ಈಗ ಬಂದವೆ" ಎಂದು ಕನ್ನಡಿ ನೋಡುತ್ತಾರೆ. ಮೊನ್ನೆಯ ಎಕ್ಸ್‌ರೇಯಲ್ಲಿ ನೀರು ಅಂಗುಲದಷ್ಟು ಉಳಿದಿದೆ. ಎರಡೂ ಮಗ್ಗುಲಿಗೆ ಮಲಗುತ್ತಾರೆ.

ಇವತ್ತು ಗದ್ದೆಗೆ ಹೋಗಬೇಕೆಂದು ಹಟ ಹಿಡಿದರು. ಇವರು ಡ್ಯೂಟಿಯಲ್ಲಿದ್ದರು. ನಾನೇ ಸ್ಕೂಟರಿನಲ್ಲಿ ಕಾಲುವೆ ಏರಿಯವರೆಗೆ ಕರೆದೊಯ್ದೆ. ಅಲ್ಲಿಂದ ನನ್ನ ತೋಳು ಹಿಡಿದು ನಡೆದರು. ನಡುವೆ ಎಲ್ಲೂ ಕೂರಲಿಲ್ಲ. ಮೊನ್ನೆಯ ಮಳೆಗೆ ಗದ್ದೆಯ ತುಂಬ ನೀರು ನಿಂತಿತ್ತು. ಪೈರು ಮೊಣಕಾಲು ದಾಟಿದೆ, ಇನ್ನೇನು ತೆನೆಗೆ ಹೊಡೆ ಕಟ್ಟುತ್ತದೆ.

ಬದುವಿನ ಮೇಲೆ ನಿಂತು ಕೇಳಿದರು. "ಈ ಕುಯ್ಲು ನೋಡ್ತೀನಾ?"

"ನೋಡ್ತೀರಿ."

"ನನ್ ಮೊಕ ನೋಡಿ ಯೋಳ್ತಾ ಇದ್ದೀಯಾ, ಎಕ್ಸ್‌ರೇ ನೋಡಿ ಯೋಳ್ತಾ ಇದ್ದೀಯಾ?"

"ಎಕ್ಸ್‌ರೇ ನೋಡಿ."

"ಬರೋ ವರ್ಸದ್ದು?"

ಬಾಯಿಗೆ ಒಂದು ಮಾತು ಬಂದಿತ್ತು. ನುಂಗಿಕೊಂಡೆ. "ಗೊತ್ತಿಲ್ಲ ಅವ್ವ."

 ಅವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಯ ಕಡೆ ತಿರುಗಿದರು.

"ನೀರು ಜಾಸ್ತಿ ನಿಂತೈತೆ. ಬೇರು ಕೊಳೀತದೆ. ಆ ಮೂಲೆಲಿ ಬದುನ ಒಸಿ ಕಡ್ದು ಬುಡು. ಒಂದೇ ಸಲ ಎಲ್ಲ ಬುಡಬ್ಯಾಡ, ಮಣ್ಣು ಕೊಚ್ಕೊಂಡೋಯ್ತದೆ."

ಗುದ್ದಲಿ ತಂದಿರಲಿಲ್ಲ. ಚಪ್ಪಲಿ ಬಿಟ್ಟು ಇಳಿದು, ಕೈಯಲ್ಲೇ ಮಣ್ಣು ಬಗೆದೆ. ನೀರು ಮೊದಲು ಸಣ್ಣಗೆ, ಆಮೇಲೆ ಒಂದೇ ಸಮನೆ ಕಾಲುವೆಗೆ ಇಳಿಯತೊಡಗಿತು. ಅವ್ವ ಮೇಲೆ ನಿಂತು, ಸಾಕು ಎನ್ನುವವರೆಗೂ ಬಿಟ್ಟೆ. ಅವರು ಸಾಕು ಎಂದಾಗ ಮಣ್ಣು ಮುಚ್ಚಿ, ಮೇಲೆ ಹತ್ತಲು ಕೈ ನೀಡಿದೆ. ಕೆಸರು ಮೆತ್ತಿದ ಆ ಕೈಯನ್ನೇ ಹಿಡಿದು ಎಳೆದುಕೊಂಡರು.